ವೈ ಅಕ್ಷರದ ಕಾಲು: ಪ್ರತಿಕಾಯ ಹಿಡಿಯುವ ಪ್ರೋಟೀನು, ಅದಕ್ಕೆ ಹಚ್ಚಿದ ಬೆಳಕು



ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ‘ಮಾನವನ ಆರೋಗ್ಯ ಮತ್ತು ರೋಗ’ ಎಂಬ ಅಧ್ಯಾಯದಲ್ಲಿ ಪ್ರತಿಕಾಯದ ಚಿತ್ರವೊಂದು ಬರುತ್ತದೆ. ಇಂಗ್ಲಿಷಿನ ವೈ ಅಕ್ಷರದ ಆಕಾರ. ಪರೀಕ್ಷೆಗೆ ಕೇಳುವ ಚಿತ್ರವಾದ್ದರಿಂದ ನೀವೆಲ್ಲ ಅದನ್ನು ಬರೆದು ಬರೆದು ಕೈಗೆ ರೂಢಿ ಮಾಡಿಕೊಂಡಿರುತ್ತೀರಿ. ಒಂದು ದಿನ ಅದನ್ನು ಬೋರ್ಡಿನ ಮೇಲೆ ಬರೆದು, ಭಾಗಗಳನ್ನು ಗುರುತಿಸಿ, ಚಾಕ್‌ಪೀಸ್ ಕೆಳಗಿಡುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಮ್ಯಾಲಿನ ಎರಡು ಕೈ ರೋಗಾಣು ಹಿಡೀತಾವಂದ್ರಿ. ಕೆಳಗಿನ ಕಾಲು ಏನ್ ಮಾಡ್ತದ್ರಿ?”

ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಆ ಕಾಲಿನ ಮೇಲೆ ಇಂದು ಪ್ರಯೋಗಾಲಯಗಳ ಒಂದು ದೊಡ್ಡ ಕೆಲಸವೇ ನಿಂತಿದೆ. ಗಂಟೆ ಹೊಡೆದದ್ದರಿಂದ ಅವಳಿಗೆ ಅಂದು ಅರ್ಧ ಉತ್ತರ ಮಾತ್ರ ಸಿಕ್ಕಿತು. ಉಳಿದರ್ಧ ಇಲ್ಲಿದೆ.

ಕೈ ಎರಡು, ಕಾಲು ಒಂದು

ಮೊದಲು ಗೊತ್ತಿರುವುದನ್ನು ನೆನಪು ಮಾಡಿಕೊಳ್ಳೋಣ. ಪ್ರತಿಕಾಯವೆಂದರೆ ನಮ್ಮ ಬಿ ಲಿಂಫೋಸೈಟುಗಳಿಂದ ತಯಾರಾಗುವ ಪ್ರೋಟೀನು. ಅದರಲ್ಲಿ ನಾಲ್ಕು ಸರಪಳಿಗಳಿವೆ: ಎರಡು ಉದ್ದ, ಎರಡು ಗಿಡ್ಡ. ಹಾಗಾಗಿಯೇ ಅದನ್ನು ‘ಎಚ್2 ಎಲ್2’ ಎಂದು ಬರೆಯುತ್ತೇವೆ. ರಕ್ತದಲ್ಲಿ ಅತಿ ಹೆಚ್ಚಾಗಿರುವ ಪ್ರತಿಕಾಯ ಐಜಿಜಿ. ಅದರ ಅಣುತೂಕ ಸುಮಾರು 1,50,000 ಡಾಲ್ಟನ್.

ಮೇಲಿನ ಎರಡು ಕೈಗಳ ತುದಿಯಲ್ಲಿ ಪ್ರತಿಜನಕವನ್ನು, ಅಂದರೆ ರೋಗಾಣುವಿನ ಮೈಮೇಲಿನ ಗುರುತನ್ನು, ಹಿಡಿಯುವ ಜಾಗವಿದೆ. ಈ ತುದಿ ಒಂದು ಪ್ರತಿಕಾಯದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಟೈಫಾಯ್ಡ್ ಹಿಡಿಯುವ ಕೈ ಬೇರೆ, ರೇಬೀಸ್ ಹಿಡಿಯುವ ಕೈ ಬೇರೆ. ಒಂದು ಬೀಗಕ್ಕೆ ಒಂದು ಕೀಲಿ ಇದ್ದ ಹಾಗೆ.

ಕಾಲು ಹಾಗಲ್ಲ. ಒಬ್ಬ ಮನುಷ್ಯನ ಒಂದು ಬಗೆಯ ಐಜಿಜಿ ಪ್ರತಿಕಾಯಗಳಲ್ಲಿ ಕೈತುದಿಗಳು ಲೆಕ್ಕವಿಲ್ಲದಷ್ಟು ರೀತಿ ಇದ್ದರೂ ಕಾಲು ಮಾತ್ರ ಒಂದೇ. ಕೈ ರೋಗಾಣುವನ್ನು ಹಿಡಿದ ಮೇಲೆ ‘ಇಲ್ಲಿ ಕಳ್ಳ ಸಿಕ್ಕಿದ್ದಾನೆ, ಬನ್ನಿ’ ಎಂದು ಉಳಿದ ದೇಹಕ್ಕೆ ತಿಳಿಸುವುದು ಈ ಕಾಲು. ರೋಗಾಣು ನುಂಗುವ ಬಿಳಿ ರಕ್ತಕಣಗಳು ಬಂದು ಹಿಡಿಯುವುದು ಈ ಕಾಲನ್ನೇ. ತಾಯಿಯ ಐಜಿಜಿ ಜರಾಯುವಿನ ಮೂಲಕ ಹೊಟ್ಟೆಯೊಳಗಿನ ಕೂಸಿಗೆ ದಾಟಿ ಹೋಗುವುದೂ ಈ ಕಾಲಿನ ಗುರುತಿನಿಂದಲೇ. ಅಂದು ಆ ವಿದ್ಯಾರ್ಥಿನಿಗೆ ಹೇಳಿದ ಅರ್ಧ ಉತ್ತರ ಇಷ್ಟು.

ಪಪ್ಪಾಯಿ ಹಾಲು ತೋರಿಸಿದ ದಾರಿ

ಕಾಲು ಬೇರೆ, ಕೈ ಬೇರೆ ಎಂದು ತಿಳಿದದ್ದು ಹೇಗೆ? ಹಸಿ ಪಪ್ಪಾಯಿಗೆ ಗೀರು ಹಾಕಿದರೆ ಬಿಳಿ ಹಾಲು ಬರುತ್ತದಲ್ಲ, ಅದರಲ್ಲಿ ಪಪೈನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ಕತ್ತರಿಸುವುದು ಅದರ ಕೆಲಸ. ಮಾಂಸ ಬೇಗ ಬೇಯಲೆಂದು ಮನೆಯಲ್ಲಿ ಹಸಿ ಪಪ್ಪಾಯಿ ಅರೆದು ಹಚ್ಚುವುದನ್ನು ನೀವು ನೋಡಿರಬಹುದು. ಅದೇ ಕಿಣ್ವ, ಅದೇ ಕೆಲಸ.

ಬ್ರಿಟನ್ನಿನ ರಾಡ್ನಿ ಪೋರ್ಟರ್ ಮೊಲದ ಐಜಿಜಿಯನ್ನು ಪಪೈನ್‌ನಿಂದ ಕತ್ತರಿಸಿ 1959ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಣು ಮೂರು ತುಂಡಾಯಿತು. ಎರಡು ತುಂಡುಗಳು ಪ್ರತಿಜನಕವನ್ನು ಹಿಡಿಯುತ್ತಿದ್ದವು. ಮೂರನೆಯದು ಏನನ್ನೂ ಹಿಡಿಯಲಿಲ್ಲ, ಆದರೆ ತಣ್ಣಗಿಟ್ಟಾಗ ಹರಳುಗಟ್ಟಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸಕ್ಕರೆಯಾಗಲಿ, ಉಪ್ಪಾಗಲಿ, ಹರಳುಗಟ್ಟಬೇಕಾದರೆ ಅದರ ಕಣಗಳು ಒಂದೇ ತೆರನಾಗಿರಬೇಕು. ಮೊಲದ ರಕ್ತದಲ್ಲಿದ್ದ ನಾನಾ ಬಗೆಯ ಪ್ರತಿಕಾಯಗಳಿಂದ ಬಂದ ಆ ಮೂರನೆಯ ತುಂಡು ಹರಳುಗಟ್ಟಿತೆಂದರೆ ಎಲ್ಲದರ ಕಾಲೂ ಹೆಚ್ಚುಕಡಿಮೆ ಒಂದೇ ಇರಬೇಕು! ಕೈಗಳಿಗೆ ‘ಫ್ಯಾಬ್’, ಕಾಲಿಗೆ ‘ಎಫ್‌ಸಿ’ ಎಂದು ಹೆಸರಾಯಿತು. ಎಫ್‌ಸಿಯಲ್ಲಿರುವ ‘ಸಿ’ ಹರಳುಗಟ್ಟುವ ಗುಣವನ್ನೇ ಸೂಚಿಸುತ್ತದೆ. ಪೋರ್ಟರ್ ಅವರಿಗೂ ಅಮೆರಿಕದ ಜೆರಾಲ್ಡ್ ಎಡೆಲ್ಮನ್ ಅವರಿಗೂ 1972ರ ನೊಬೆಲ್ ಬಹುಮಾನ ಬಂತು.

ರೋಗಾಣುವಿನ ಉಪಾಯ

ಈ ಕಾಲಿನ ಗುಟ್ಟನ್ನು ಮನುಷ್ಯನಿಗಿಂತ ಎಷ್ಟೋ ಮೊದಲೇ ಒಂದು ಬ್ಯಾಕ್ಟೀರಿಯಾ ತಿಳಿದಿತ್ತು. ಅದರ ಹೆಸರು ಸ್ಟೆಫೈಲೊಕಾಕಸ್ ಆರಿಯಸ್. ಕುರುವಾಗಿ ಕೀವು ತುಂಬುತ್ತದಲ್ಲ, ಅದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಇದರ ಹೊರಗೋಡೆಯ ಮೇಲೆ ‘ಪ್ರೋಟೀನ್ ಎ’ ಎಂಬ ಪ್ರೋಟೀನು ಕೂದಲಿನಂತೆ ಚಾಚಿಕೊಂಡಿರುತ್ತದೆ. ಅದರಲ್ಲಿ ಒಂದರ ಪಕ್ಕ ಒಂದರಂತೆ ಐದು ಕೊಂಡಿಗಳಿವೆ. ಐದೂ ಐಜಿಜಿಯ ಕಾಲನ್ನು ಹಿಡಿಯುವ ಕೊಂಡಿಗಳು.

ಬ್ಯಾಕ್ಟೀರಿಯಾಕ್ಕೆ ಇದರಿಂದ ಏನು ಲಾಭ? ಸಾಮಾನ್ಯವಾಗಿ ಪ್ರತಿಕಾಯದ ಕೈ ಬ್ಯಾಕ್ಟೀರಿಯಾವನ್ನು ಹಿಡಿದು, ಕಾಲು ಹೊರಗೆ ಚಾಚಿರುತ್ತದೆ. ಬಿಳಿ ರಕ್ತಕಣ ಬಂದು ಆ ಕಾಲು ಹಿಡಿದು ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ಆದರೆ ಇಲ್ಲಿ ಬ್ಯಾಕ್ಟೀರಿಯಾವೇ ಕಾಲು ಹಿಡಿದುಬಿಡುತ್ತದೆ! ಪ್ರತಿಕಾಯ ತಲೆಕೆಳಗಾಗುತ್ತದೆ. ಬಿಳಿ ರಕ್ತಕಣಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಕೆಲಸ ಕೆಟ್ಟಾಗ ಕಾಲು ಹಿಡಿದು ಪಾರಾಗುವವರನ್ನು ನಾವು ನೋಡಿದ್ದೇವೆ. ಈ ಸೂಕ್ಷ್ಮಜೀವಿಯೂ ಅದನ್ನೇ ಮಾಡುತ್ತದೆ.

ಸ್ವೀಡನ್ನಿನ ಫೋರ್ಸ್‌ಗ್ರೆನ್ ಮತ್ತು ಶೋಕ್ವಿಸ್ಟ್ ಎಂಬ ವಿಜ್ಞಾನಿಗಳು 1966ರಲ್ಲಿ ಪ್ರೋಟೀನ್ ಎ ಹಿಡಿಯುವುದು ಪ್ರತಿಕಾಯದ ಕೈಯನ್ನಲ್ಲ, ಕಾಲನ್ನು ಎಂದು ತೋರಿಸಿದರು. 1984ರ ಹೊತ್ತಿಗೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆದ ಸ್ಟ್ರೆಪ್ಟೊಕಾಕಸ್‌ನಿಂದ ಇಂಥದ್ದೇ ‘ಪ್ರೋಟೀನ್ ಜಿ’ಯನ್ನು ಬೇರ್ಪಡಿಸಲಾಯಿತು. ರೋಗಾಣು ತನ್ನ ರಕ್ಷಣೆಗೆ ಮಾಡಿಕೊಂಡ ಕೊಂಡಿ ವಿಜ್ಞಾನಿಗೆ ಹಿಡಿಕೆಯಾಗಿ ಸಿಕ್ಕಿತು. ಕೈ ಯಾವುದನ್ನು ಹಿಡಿಯುವಂಥದ್ದೇ ಇರಲಿ, ಕಾಲು ಒಂದೇ ಆದ್ದರಿಂದ ಒಂದು ಹಿಡಿಕೆ ಸಾವಿರಾರು ಪ್ರತಿಕಾಯಗಳಿಗೆ ಹೊಂದುತ್ತದೆ.

ಆದರೆ ಪ್ರೋಟೀನು ಕಣ್ಣಿಗೆ ಕಾಣುವುದಿಲ್ಲ. ಅದು ಎಲ್ಲಿ ಹೋಗಿ ಹಿಡಿದಿದೆ ಎಂದು ತಿಳಿಯಬೇಕಾದರೆ ಅದಕ್ಕೊಂದು ಗುರುತು ಬೇಕು. ಆ ಗುರುತೇ ಬೆಳಕು.

ಬೆಳಕಿನ ಗುರುತು

ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ನೋಡಿರುತ್ತೀರಿ. ಅದರ ಕೆಳಗೆ ಹಿಡಿದಾಗ ನೋಟಿನ ಸಂಖ್ಯೆ ಮತ್ತು ಕೆಲವು ಸಣ್ಣ ಎಳೆಗಳು ಹೊಳೆಯುತ್ತವೆ. ಇದೇ ಪ್ರತಿದೀಪ್ತಿ. ವಸ್ತು ಹೆಚ್ಚು ಶಕ್ತಿಯ, ಅಂದರೆ ಕಡಿಮೆ ತರಂಗಾಂತರದ ಬೆಳಕನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ಶಕ್ತಿ ಒಳಗೇ ಶಾಖವಾಗಿ ಕಳೆದುಹೋಗುತ್ತದೆ. ಉಳಿದದ್ದು ಕಡಿಮೆ ಶಕ್ತಿಯ, ಅಂದರೆ ಹೆಚ್ಚು ತರಂಗಾಂತರದ ಬೆಳಕಾಗಿ ಹೊರಬರುತ್ತದೆ. ನೂರು ರೂಪಾಯಿ ತೆಗೆದುಕೊಂಡು ಹೋಗಿ ದಾರಿಯಲ್ಲಿ ಹತ್ತು ಖರ್ಚಾಗಿ ತೊಂಬತ್ತು ಮರಳಿ ತಂದ ಹಾಗೆ. ಇದಕ್ಕೆ ಇಂಗ್ಲಿಷಿನ ಹೆಸರನ್ನಿಟ್ಟವರು ಜಾರ್ಜ್ ಸ್ಟೋಕ್ಸ್, 1852ರಲ್ಲಿ.

ಮನೆಯಲ್ಲೇ ನೋಡಬೇಕೆ? ಒಂದು ಚಮಚ ಕೊಬ್ಬರಿ ಎಣ್ಣೆಗೆ ಚಿಟಿಕೆ ಅರಿಶಿನ ಕಲಸಿ, ಪುಡಿ ಕೆಳಗೆ ಕೂತ ಮೇಲೆ, ಕತ್ತಲೆಯಲ್ಲಿ ಆ ನೇರಳೆ ಟಾರ್ಚ್ ಹಿಡಿಯಿರಿ. ಎಣ್ಣೆ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ. ಅರಿಶಿನದ ಕರ್ಕ್ಯುಮಿನ್ ಇದಕ್ಕೆ ಕಾರಣ. ಟಾರ್ಚನ್ನು ಯಾರ ಕಣ್ಣಿಗೂ ಹಿಡಿಯಬೇಡಿ, ನೀವೂ ನೇರವಾಗಿ ನೋಡಬೇಡಿ.

ಪ್ರಯೋಗಾಲಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಣ್ಣ ಎಫ್‌ಐಟಿಸಿ. ಅದು ಸುಮಾರು 495 ನ್ಯಾನೋಮೀಟರ್‌ನ ನೀಲಿ ಬೆಳಕನ್ನು ಹೀರಿ, ಸುಮಾರು 519 ನ್ಯಾನೋಮೀಟರ್‌ನ ಹಸಿರು ಬೆಳಕನ್ನು ಕೊಡುತ್ತದೆ. ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕನ್ನು ಮಾತ್ರ ಒಳಗೆ ಬಿಡುವ ಒಂದು ಫಿಲ್ಟರ್, ಹಸಿರನ್ನು ಮಾತ್ರ ಕಣ್ಣಿಗೆ ಬಿಡುವ ಇನ್ನೊಂದು ಫಿಲ್ಟರ್ ಇರುತ್ತವೆ. ಆದ್ದರಿಂದ ಹಿನ್ನೆಲೆಯೆಲ್ಲ ಕಪ್ಪು, ಬಣ್ಣ ಹತ್ತಿದ ಜಾಗ ಮಾತ್ರ ಹಸಿರು.

ಪ್ರತಿಕಾಯಕ್ಕೆ ಮೊದಲು ಹೀಗೆ ಬೆಳಕಿನ ಗುರುತು ಹಚ್ಚಿದವರು ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಜೊತೆಗಾರರು, 1941ರಲ್ಲಿ. ಮೊದಲ ಬಣ್ಣ ನೀಲಿಯಾಗಿ ಹೊಳೆಯುತ್ತಿತ್ತು. ಆದರೆ ಅಂಗಾಂಶವೂ ತಾನಾಗಿಯೇ ಒಂದಿಷ್ಟು ನೀಲಿ ಹೊಳೆಯುತ್ತದೆ. ಯಾವುದು ಗುರುತು, ಯಾವುದು ಸ್ವಂತ ಹೊಳಪು ಎಂದು ಬೇರೆ ಮಾಡುವುದು ಕಷ್ಟವಾಯಿತು. ಮರುವರ್ಷ ಅವರು ಹಸಿರು ಕೊಡುವ ಬಣ್ಣಕ್ಕೆ ಬದಲಾದರು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಹೊಳೆದದ್ದೆಲ್ಲ ನಾವು ಹುಡುಕಿದ್ದೇ ಆಗಿರುವುದಿಲ್ಲ ಎಂಬ ಎಚ್ಚರ ಈ ವಿದ್ಯೆಗೆ ಹುಟ್ಟಿನಿಂದಲೇ ಬಂದದ್ದು.

ಹಚ್ಚುವ ಕ್ರಮ

ಎಫ್‌ಐಟಿಸಿಯನ್ನು ಪ್ರೋಟೀನ್ ಎ ಅಥವಾ ಜಿಗೆ ಅಂಟಿಸುವುದು ಬಣ್ಣ ಬಳಿಯುವಂಥ ಕೆಲಸವಲ್ಲ, ರಾಸಾಯನಿಕ ಬಂಧ. ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲವಿರುತ್ತದೆ. ಅದರ ತುದಿಯ ಅಮೈನೋ ಗುಂಪಿನೊಂದಿಗೆ ಎಫ್‌ಐಟಿಸಿ ತುಸು ಕ್ಷಾರೀಯ ದ್ರಾವಣದಲ್ಲಿ ಸೇರಿಕೊಳ್ಳುತ್ತದೆ. ಸೇರದೆ ಉಳಿದ ಬಣ್ಣವನ್ನು ಪೂರ್ತಿ ಬೇರ್ಪಡಿಸಬೇಕು. ಇಲ್ಲದಿದ್ದರೆ ಅದು ಸ್ಲೈಡಿನ ತುಂಬ ಹರಡಿ ಮಬ್ಬು ಮಾಡುತ್ತದೆ.

ಬಣ್ಣ ಕಡಿಮೆಯಾದರೆ ಹೊಳಪು ಸಾಲದು. ಹೆಚ್ಚಾದರೆ ಇನ್ನೂ ಹೊಳೆಯುತ್ತದೆ ಎಂದುಕೊಳ್ಳಬೇಡಿ. ಒತ್ತೊತ್ತಾಗಿ ಕುಳಿತ ಬಣ್ಣದ ಅಣುಗಳು ಒಂದರ ಬೆಳಕನ್ನು ಇನ್ನೊಂದು ನುಂಗಿ ಹೊಳಪು ಇಳಿಯುತ್ತದೆ. ಮೇಲಾಗಿ ಕಾಲು ಹಿಡಿಯುವ ಕೊಂಡಿಯ ಮೇಲೆಯೇ ಬಣ್ಣ ಕೂತರೆ ಅದು ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅಡುಗೆಗೆ ಉಪ್ಪಿನಂತೆ, ಹದ ಬೇಕು. ತಯಾರಾದದ್ದನ್ನು ಕತ್ತಲೆಯಲ್ಲಿ, ತಣ್ಣಗೆ ಇಡಬೇಕು. ಬೆಳಕಿಗೆ ಇಟ್ಟರೆ ಬಣ್ಣ ಮಾಸಿಹೋಗುತ್ತದೆ.

ಸ್ಲೈಡಿನ ಮೇಲೆ ನಡೆಯುವುದೇನು?

ಒಂದು ಉದಾಹರಣೆ. ಕೆಲವು ಜೀವಕೋಶಗಳಲ್ಲಿ ಒಂದು ನಿರ್ದಿಷ್ಟ ಪ್ರೋಟೀನು ಎಲ್ಲಿದೆ ಎಂದು ತಿಳಿಯಬೇಕು. ಅದನ್ನು ಹಿಡಿಯುವ ಮೊಲದ ಪ್ರತಿಕಾಯ ನಮ್ಮ ಹತ್ತಿರ ಇದೆ.

1. ಕೋಶಗಳನ್ನು ಸ್ಲೈಡಿನ ಮೇಲೆ ಕೂರಿಸಿ, ಕದಲದಂತೆ ರಾಸಾಯನಿಕದಿಂದ ಗಟ್ಟಿ ಮಾಡುತ್ತಾರೆ.
2. ಸುಮ್ಮನೆ ಅಂಟಿಕೊಳ್ಳಬಹುದಾದ ಖಾಲಿ ಜಾಗಗಳನ್ನೆಲ್ಲ ಬೇರೊಂದು ನಿರುಪದ್ರವಿ ಪ್ರೋಟೀನಿನಿಂದ ಮುಚ್ಚುತ್ತಾರೆ.
3. ಮೊಲದ ಪ್ರತಿಕಾಯ ಹಾಕುತ್ತಾರೆ. ಅದು ತನ್ನ ಗುರಿಯನ್ನು ಕೈಯಿಂದ ಹಿಡಿಯುತ್ತದೆ. ಉಳಿದದ್ದನ್ನು ತೊಳೆಯುತ್ತಾರೆ.
4. ಬೆಳಕಿನ ಗುರುತು ಹಚ್ಚಿದ ಪ್ರೋಟೀನ್ ಎ ಹಾಕುತ್ತಾರೆ. ಅದು ಪ್ರತಿಕಾಯದ ಕಾಲು ಹಿಡಿಯುತ್ತದೆ. ಮತ್ತೆ ತೊಳೆಯುತ್ತಾರೆ.
5. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಹಸಿರು ಕಂಡರೆ ಅದರರ್ಥವೇನು? ‘ನಾವು ಹುಡುಕಿದ ಪ್ರೋಟೀನು ಇಲ್ಲಿದೆ’ ಎಂದು ತಕ್ಷಣ ಹೇಳಬೇಕೆನಿಸುತ್ತದೆ. ಆದರೆ ಹಸಿರು ನಿಜಕ್ಕೂ ಹೇಳುವುದು ಇಷ್ಟೇ: ‘ಇಲ್ಲೊಂದು ಪ್ರತಿಕಾಯದ ಕಾಲಿದೆ.’ ಆ ಪ್ರತಿಕಾಯ ಯಾವುದು, ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹಸಿರು ಹೇಳುವುದಿಲ್ಲ. ಈ ಎರಡು ವಾಕ್ಯಗಳ ನಡುವಿನ ಅಂತರವೇ ಇಡೀ ಪಾಠದ ತಿರುಳು.

ನಾನು ಮಾಡಿದ ತಪ್ಪು

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆ. ಎಂ.ಎಸ್ಸಿ. ಓದುವಾಗ ಮೇಲಿನಂಥದ್ದೇ ಒಂದು ಪ್ರಯೋಗ ಕೊಟ್ಟಿದ್ದರು. ಖಾಲಿ ಜಾಗ ಮುಚ್ಚಲು ಫ್ರಿಜ್ಜಿನಲ್ಲಿದ್ದ ಆಡಿನ ಸೀರಂ ಬಳಸಿದೆ. ಬೆಳಕಿನ ಗುರುತು ಹಚ್ಚಿದ್ದು ಪ್ರೋಟೀನ್ ಜಿಗೆ. ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರೆ ಇಡೀ ಸ್ಲೈಡ್ ಹಸಿರು! ಎಲ್ಲ ಕೋಶಗಳಲ್ಲೂ ಆ ಪ್ರೋಟೀನಿದೆ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದೂಬಿಟ್ಟೆ. ನಮ್ಮ ಗುರುಗಳಿಗೆ ಕರೆದು ತೋರಿಸಿದೆ. ಅವರು ನೋಡಿ ಶಾಂತವಾಗಿ ಕೇಳಿದರು: “ಊರಿಗೆಲ್ಲ ದೀಪ ಹಚ್ಚಿದಿ. ಈಗ ಕಳ್ಳನ ಮನಿ ಯಾವುದು ಹೇಳು.”

ನಂತರ ಮೊಲದ ಪ್ರತಿಕಾಯವನ್ನು ಹಾಕದೇ ಇನ್ನೊಂದು ಸ್ಲೈಡ್ ಮಾಡಿಸಿದರು. ಅದೂ ಅಷ್ಟೇ ಹಸಿರು. ಆಗ ತಪ್ಪು ತಿಳಿಯಿತು. ಆಡಿನ ಸೀರಂನಲ್ಲಿ ಆಡಿನ ಐಜಿಜಿ ಬೇಕಾದಷ್ಟಿರುತ್ತದೆ. ನಾನು ಖಾಲಿ ಜಾಗ ಮುಚ್ಚುವ ನೆಪದಲ್ಲಿ ಸ್ಲೈಡಿನ ತುಂಬ ಪ್ರತಿಕಾಯದ ಕಾಲುಗಳನ್ನು ಹಾಸಿದ್ದೆ. ಪ್ರೋಟೀನ್ ಜಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿ ಅವನ್ನೆಲ್ಲ ಹಿಡಿದಿತ್ತು. ತಪ್ಪು ಅದರದ್ದಲ್ಲ, ನನ್ನದು. ರೆಕಾರ್ಡಿನ ಆ ಪುಟಕ್ಕೆ ಅಡ್ಡಗೆರೆ ಎಳೆದು, ತಪ್ಪಿನ ಕಾರಣವನ್ನೂ ಕೆಳಗೆ ಬರೆದೆ. ಪುಟ ಹರಿಯಬೇಡ ಎಂದು ಗುರುಗಳು ಹೇಳಿದ್ದರು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ. ಹಸಿರಾಗಿ ಹೊಳೆದದ್ದೆಲ್ಲ ಉತ್ತರವಲ್ಲ. ಆದ್ದರಿಂದ ಪ್ರತಿ ಪ್ರಯೋಗದ ಜೊತೆ ಹೋಲಿಕೆಗೆ ಬೇರೆ ಸ್ಲೈಡುಗಳಿರಬೇಕು. ಗುರಿ ಇದೆ ಎಂದು ಖಚಿತವಿರುವ ಒಂದು, ಗುರಿ ಇಲ್ಲವೆಂದು ಖಚಿತವಿರುವ ಒಂದು, ಪ್ರತಿಕಾಯ ಹಾಕದೆ ಗುರುತು ಮಾತ್ರ ಹಾಕಿದ ಒಂದು, ಏನೂ ಹಾಕದ ಒಂದು. ಮೊದಲನೆಯದು ಹೊಳೆಯಬೇಕು, ಉಳಿದ ಮೂರು ಹೊಳೆಯಬಾರದು. ಹಾಗಾದಾಗ ಮಾತ್ರ ನಮ್ಮ ಸ್ಲೈಡಿನ ಹಸಿರನ್ನು ನಂಬಬಹುದು. ನಿಮ್ಮ ಪ್ರಾಯೋಗಿಕ ತರಗತಿಯಲ್ಲಿ ‘ನಿಯಂತ್ರಣ’ ಎಂದು ಒಂದು ಪರೀಕ್ಷಾ ನಳಿಕೆ ಪಕ್ಕಕ್ಕಿಡುತ್ತೀರಲ್ಲ, ಅದು ಇದೇ.

ಆಡಿಗೆ ಜಿ, ನಾಯಿಗೆ ಎ

ಎಲ್ಲ ಪ್ರಾಣಿಗಳ ಐಜಿಜಿ ಕಾಲೂ ಒಂದೇ ಅಲ್ಲ. ಆದ್ದರಿಂದ ಯಾವ ಪ್ರಾಣಿಗೆ ಯಾವ ಪ್ರೋಟೀನು ಎಂದು ಆರಿಸಬೇಕು. ಮೊಲದ ಐಜಿಜಿಯನ್ನು ಎ ಮತ್ತು ಜಿ ಎರಡೂ ಗಟ್ಟಿಯಾಗಿ ಹಿಡಿಯುತ್ತವೆ. ಮನುಷ್ಯನ ಐಜಿಜಿಯಲ್ಲಿ ನಾಲ್ಕು ಉಪಬಗೆಗಳಿವೆ. ಜಿ ನಾಲ್ಕನ್ನೂ ಹಿಡಿದರೆ, ಎ ಮೂರನೆಯ ಬಗೆಯನ್ನು ಬಹುತೇಕ ಬಿಟ್ಟುಬಿಡುತ್ತದೆ. ಆಡು, ಕುರಿ, ಆಕಳುಗಳಿಗೆ ಜಿ ಉತ್ತಮ, ಎ ದುರ್ಬಲ. ನಾಯಿಗೆ ಎ ಉತ್ತಮ, ಜಿ ದುರ್ಬಲ. ಕೋಳಿಯ ಪ್ರತಿಕಾಯವನ್ನು ಎರಡೂ ಹಿಡಿಯುವುದಿಲ್ಲ.

ಇದರ ಉಪಯೋಗ ನಮ್ಮ ರಾಜ್ಯದಲ್ಲೇ ನಡೆದಿದೆ. ದನ, ಎಮ್ಮೆ, ಆಡು, ಕುರಿಗಳಲ್ಲಿ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಗರ್ಭಪಾತವಾಗುವ ರೋಗವಿದೆ. ರೈತರು ಇದನ್ನು ಕಂದು ರೋಗ ಎನ್ನುತ್ತಾರೆ. ಕಾಯಿಸದ ಹಾಲಿನಿಂದ, ಕಂದು ಹಾಕಿದ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಇದು ಮನುಷ್ಯರಿಗೂ ಬರುತ್ತದೆ. ಬಂದು ಹೋಗುವ ಜ್ವರ, ಬೆವರು, ಕೀಲುನೋವು ಇದರ ಲಕ್ಷಣ. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸಂಶೋಧನಾ ಸಂಸ್ಥೆ ‘ನಿವೇದಿ’ಯ ವಿಜ್ಞಾನಿಗಳು ಈ ರೋಗದ ಪತ್ತೆಗೆ ಪ್ರೋಟೀನ್ ಜಿ ಆಧಾರಿತ ಎಲಿಸಾ ಪರೀಕ್ಷೆಯನ್ನು ರೂಪಿಸಿದ್ದಾರೆ. ಇಲ್ಲಿ ಪ್ರೋಟೀನ್ ಜಿಗೆ ಹಚ್ಚುವ ಗುರುತು ಬೆಳಕಿನದ್ದಲ್ಲ, ಬಣ್ಣ ಬರಿಸುವ ಕಿಣ್ವದ್ದು. ತತ್ವ ಮಾತ್ರ ಅದೇ. ಬ್ರುಸೆಲ್ಲಾ ಪ್ರತಿಜನಕ ಹಚ್ಚಿದ ತಟ್ಟೆಗೆ ಪ್ರಾಣಿಯ ಸೀರಂ ಹಾಕಿದರೆ, ಅದರಲ್ಲಿರುವ ಪ್ರತಿಕಾಯ ಹಿಡಿದುಕೊಳ್ಳುತ್ತದೆ. ಅದರ ಕಾಲನ್ನು ಪ್ರೋಟೀನ್ ಜಿ ಹಿಡಿಯುತ್ತದೆ. ಆಡಿಗೊಂದು, ಎಮ್ಮೆಗೊಂದು ಎಂದು ಬೇರೆ ಬೇರೆ ಗುರುತಿನ ಸಾಮಗ್ರಿ ತರಬೇಕಾಗಿಲ್ಲ.

ನಮ್ಮ ಕಡೆ ಇದು ದೂರದ ಮಾತಲ್ಲ. ಕಮಲಾಪುರದ ಕಡೆಯ ಹಳ್ಳಿಗಳಲ್ಲಿ ಕುರಿ, ಆಡು ಸಾಕುವ ಮನೆಗಳಿಂದ ಬರುವವರು ನಿಮ್ಮಲ್ಲಿದ್ದೀರಿ. ಬಕ್ರೀದ್‌ಗೆಂದು ಅಂಗಳದಲ್ಲಿ ಹೋತ ಕಟ್ಟಿ ಮೇಯಿಸಿದವರೂ ಇದ್ದೀರಿ. ಅಂಥ ಮನೆಯ ಒಂದು ಪ್ರಾಣಿಯ ಪರೀಕ್ಷೆಯಲ್ಲಿ ಬಣ್ಣ ಬಂದರೆ ಅದನ್ನು ಬೇರೆ ಕಟ್ಟಬೇಕೇ, ಇಡಬೇಕೇ ಎಂಬುದು ಮನೆಯ ದುಡಿಮೆಯ ಪ್ರಶ್ನೆ. ಆದರೆ ಬಣ್ಣ ಹೇಳುವುದು ‘ಪ್ರತಿಕಾಯ ಇದೆ’ ಎಂದಷ್ಟೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕುತ್ತಾರೆ. ಲಸಿಕೆಯಿಂದಲೂ ಪ್ರತಿಕಾಯ ಬರುತ್ತದೆ. ಆದ್ದರಿಂದ ಪಶುವೈದ್ಯರು ಲಸಿಕೆಯ ಇತಿಹಾಸವನ್ನು ಕೇಳಿಯೇ ತೀರ್ಮಾನಿಸುತ್ತಾರೆ. ಅವರು ಕೇಳಿದಾಗ ಮನೆಯವರು ಸರಿಯಾಗಿ ಹೇಳುವಂತೆ ನೋಡಿಕೊಳ್ಳುವುದು ಓದಿದ ನಿಮ್ಮ ಕೆಲಸ.

ಪ್ರೋಟೀನ್ ಎ ಬೇಡವಾದ ಜಾಗ

ಇನ್ನೊಂದು ಉದಾಹರಣೆ ಬೆಂಗಳೂರಿನ ನಿಮ್ಹಾನ್ಸ್‌ನದು. ಅಲ್ಲಿನ ನರವೈರಾಣು ವಿಭಾಗ ರೇಬೀಸ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ. ಹುಚ್ಚು ಹಿಡಿದು ಸತ್ತ ಪ್ರಾಣಿಯ ಮಿದುಳಿನಲ್ಲಿ ರೇಬೀಸ್ ವೈರಸ್ ಇದೆಯೇ ಎಂದು ನೋಡಲು ಜಗತ್ತಿನಾದ್ಯಂತ ಬಳಸುವ ವಿಧಾನ 1958ರಲ್ಲಿ ಬಂದ ಪ್ರತಿದೀಪ್ತಿ ಪ್ರತಿಕಾಯ ಪರೀಕ್ಷೆ. ಮಿದುಳಿನ ತುಣುಕನ್ನು ಸ್ಲೈಡಿಗೆ ಒತ್ತಿ, ಎಫ್‌ಐಟಿಸಿ ಹಚ್ಚಿದ ರೇಬೀಸ್ ಪ್ರತಿಕಾಯ ಹಾಕುತ್ತಾರೆ. ವೈರಸ್ ಇದ್ದರೆ ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕೆಗಳು ಕಾಣುತ್ತವೆ.

ಇಲ್ಲಿ ಬಣ್ಣ ನೇರವಾಗಿ ಪ್ರತಿಕಾಯಕ್ಕೇ ಹಚ್ಚಿದ್ದು, ಪ್ರೋಟೀನ್ ಎಗಲ್ಲ. ಏಕೆ? ಯೋಚಿಸಿ. ಮಿದುಳಿನ ತುಣುಕಿನಲ್ಲಿ ನಾಯಿಯ ರಕ್ತವೂ ಇರುತ್ತದೆ, ರಕ್ತದಲ್ಲಿ ಅದರದ್ದೇ ಐಜಿಜಿ ಇರುತ್ತದೆ. ಪ್ರೋಟೀನ್ ಎ ಹಾಕಿದರೆ ಆ ಕಾಲುಗಳನ್ನೂ ಹಿಡಿದು ರೋಗವಿಲ್ಲದ ನಾಯಿಯ ಸ್ಲೈಡನ್ನೂ ಹೊಳೆಸಬಹುದು. ನಾನು ಮಾಡಿದ ತಪ್ಪೇ ಇಲ್ಲಿ ಮರುಕಳಿಸುತ್ತದೆ. ಅದೇ ಲಸಿಕೆಯ ನಂತರ ರಕ್ತದಲ್ಲಿ ರೇಬೀಸ್ ಪ್ರತಿಕಾಯ ಎಷ್ಟಿದೆ ಎಂದು ಅಳೆಯಬೇಕಾದರೆ ಪ್ರೋಟೀನ್ ಎ ಬಹಳ ಅನುಕೂಲ. ಮನುಷ್ಯನಿಗೂ ನಾಯಿಗೂ ಒಂದೇ ಸಾಮಗ್ರಿ ಸಾಕು. ಅಂಥ ಎಲಿಸಾ ಕಿಟ್‌ಗಳು ಬಳಕೆಯಲ್ಲಿವೆ. ಸಾಧನ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ನಾವು ಕೇಳುವ ಪ್ರಶ್ನೆಗೆ ಅದು ಹೊಂದುತ್ತದೆಯೇ ಎಂಬುದು ಮುಖ್ಯ.

ಕುರುವಿನ ಬ್ಯಾಕ್ಟೀರಿಯಾವನ್ನೇ ಪ್ರತಿಕಾಯದಿಂದ ಹುಡುಕುವಾಗ ಇನ್ನೊಂದು ತಮಾಷೆ ಆಗುತ್ತದೆ. ನೀವು ಯಾವುದೇ ಮೊಲದ ಪ್ರತಿಕಾಯ ಹಾಕಿದರೂ ಅದು ಕಾಲು ಹಿಡಿದು ಎಳೆದುಕೊಳ್ಳುತ್ತದೆ, ಸುಳ್ಳು ಉತ್ತರ ಕೊಡುತ್ತದೆ. ಅದಕ್ಕೆ ಪರಿಹಾರವೂ ನೀವು ಈಗಾಗಲೇ ಓದಿದ್ದರಲ್ಲೇ ಇದೆ: ಕೋಳಿಯ ಪ್ರತಿಕಾಯ ಬಳಸಬಹುದು, ಇಲ್ಲವೇ ಕಾಲು ಕತ್ತರಿಸಿದ ಪ್ರತಿಕಾಯ ಬಳಸಬಹುದು.

ಆಸ್ಪತ್ರೆಯ ಫ್ರಿಜ್ಜಿನಲ್ಲಿ ಕಾಲಿಲ್ಲದ ಪ್ರತಿಕಾಯ

ಕಾಲು ಕತ್ತರಿಸಿದ ಪ್ರತಿಕಾಯ ಪ್ರಯೋಗಾಲಯಕ್ಕೆ ಮಾತ್ರ ಸೀಮಿತವಲ್ಲ. ತೊಗರಿ ಹೊಲದಲ್ಲಿ ಹಾವು ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಔಷಧ ಕುದುರೆಯಿಂದ ಪಡೆದ ಪ್ರತಿಕಾಯ. ಭಾರತದಲ್ಲಿ ತಯಾರಾಗುವ ಈ ಔಷಧದಲ್ಲಿ ಪೆಪ್ಸಿನ್ ಎಂಬ ಕಿಣ್ವದಿಂದ ಕಾಲನ್ನು ತೆಗೆದಿರುತ್ತಾರೆ. ವಿಷ ಹಿಡಿಯಲು ಕೈ ಸಾಕು. ಕುದುರೆಯ ಕಾಲು ನಮ್ಮ ದೇಹಕ್ಕೆ ಪರಕೀಯವಾದ್ದರಿಂದ ಅದು ಇದ್ದಷ್ಟೂ ತೊಂದರೆ ಹೆಚ್ಚು. ರೇಬೀಸ್‌ಗೆ ಗಾಯದ ಸುತ್ತ ಚುಚ್ಚುವ ಕುದುರೆಯ ಸೀರಂ ಕೂಡ ಹೀಗೆಯೇ ತಯಾರಾಗುತ್ತದೆ. ಒಂದೆಡೆ ಕಾಲೇ ಹಿಡಿಕೆ, ಇನ್ನೊಂದೆಡೆ ಕಾಲೇ ಹೊರೆ.

ರೇಬೀಸ್ ಮಾತು ಬಂದದ್ದರಿಂದ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ ಎಂದು ಅಂದಾಜು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40ರಷ್ಟು 15 ವರ್ಷದೊಳಗಿನ ಮಕ್ಕಳು. ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಬಹಳ ಅಪರೂಪ. ಮೇಲೆ ಹೇಳಿದ ಹಸಿರು ಚುಕ್ಕೆಯ ಪರೀಕ್ಷೆ ಸತ್ತ ಪ್ರಾಣಿಯ ಮಿದುಳಿನದು. ಅದರ ಫಲಿತಾಂಶಕ್ಕಾಗಿ ಕಾಯುತ್ತ ಕೂರಬಾರದು. ನಾಯಿ ಕಚ್ಚಿದರೆ, ಪರಚಿದರೆ, ತಕ್ಷಣ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಗೆ 0, 3, 7 ಮತ್ತು 28ನೇ ದಿನ ಹೋಗಬೇಕು. ಗಾಯ ಮಾಯ್ದಿತೆಂದು ಕೊನೆಯ ಚುಚ್ಚುಮದ್ದು ಬಿಡಬೇಡಿ. ರೋಜಾದ ಓಣಿಗಳಲ್ಲಿ ಸಂಜೆ ಟ್ಯೂಷನ್ ಮುಗಿಸಿ ನಡೆದು ಹೋಗುವ ನಿಮ್ಮ ತಮ್ಮ ತಂಗಿಯರಿಗೂ ಇದನ್ನು ಹೇಳಿಡಿ. ಎಷ್ಟೋ ಮಕ್ಕಳು ಮನೆಯಲ್ಲಿ ಬೈಯುತ್ತಾರೆಂದು ಕಚ್ಚಿದ್ದನ್ನು ಮುಚ್ಚಿಡುತ್ತಾರೆ.

ಕೊನೆಯ ಮಾತು

ನಮ್ಮ ಕಾಲೇಜಿನಲ್ಲಿ ಪ್ರತಿದೀಪ್ತಿ ಸೂಕ್ಷ್ಮದರ್ಶಕ ಇಲ್ಲ. ಅದಿಲ್ಲದೆಯೂ ಈ ಪಾಠದ ಮುಖ್ಯ ಭಾಗವನ್ನು ನೀವು ಅಭ್ಯಾಸ ಮಾಡಬಹುದು. ಲಿಟ್ಮಸ್ ಇರಲಿ, ಅಯೋಡಿನ್ ಪರೀಕ್ಷೆ ಇರಲಿ, ಬಣ್ಣ ಬಂದಾಗ ಎರಡು ಪ್ರಶ್ನೆ ಕೇಳಿ. ಈ ಬಣ್ಣ ನಿಜಕ್ಕೂ ಏನನ್ನು ಹೇಳುತ್ತಿದೆ? ಬಣ್ಣ ಬರಬಾರದ ನಳಿಕೆಯಲ್ಲಿ ಬಂದಿಲ್ಲ ತಾನೆ? ನಾಳೆ ನಿಮ್ಮಲ್ಲಿ ಯಾರೋ ಒಬ್ಬರು ಪ್ರಯೋಗಾಲಯ ತಂತ್ರಜ್ಞರಾಗಿ, ಪಶುವೈದ್ಯರಾಗಿ, ವೈದ್ಯರಾಗಿ ಕೂರುತ್ತೀರಿ. ನಿಮ್ಮ ಮುಂದಿನ ಸ್ಲೈಡ್ ಯಾರದೋ ಮನೆಯ ಆಡಿನದ್ದೋ, ಯಾರದೋ ಮಗುವಿನದ್ದೋ ಆಗಿರುತ್ತದೆ. ಅಂದು ಹೊಳಪು ಕಂಡ ಸಂತೋಷಕ್ಕೆ ಸಹಿ ಹಾಕಬೇಡಿ. ಪಕ್ಕದ ಸ್ಲೈಡನ್ನೂ ನೋಡಿ ಹಾಕಿ.

ಹಿಂದಿನ ಬೆಂಚಿನ ಆ ವಿದ್ಯಾರ್ಥಿನಿಗೆ ಉತ್ತರ ಈಗ ಪೂರ್ತಿಯಾಯಿತೆಂದು ಭಾವಿಸುತ್ತೇನೆ. ಅಂದು ನಕ್ಕವರು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆದು ತರಬೇಕು.

ನೆನಪಿಡಿ

* ಪ್ರತಿಕಾಯದ ಕೈ (ಫ್ಯಾಬ್) ಪ್ರತಿಜನಕವನ್ನು ಹಿಡಿಯುತ್ತದೆ. ಕಾಲು (ಎಫ್‌ಸಿ) ದೇಹದ ಇತರ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ.
* ಪ್ರೋಟೀನ್ ಎ ಮೂಲ ಸ್ಟೆಫೈಲೊಕಾಕಸ್ ಆರಿಯಸ್. ಪ್ರೋಟೀನ್ ಜಿ ಮೂಲ ಸ್ಟ್ರೆಪ್ಟೊಕಾಕಸ್. ಎರಡೂ ಐಜಿಜಿಯ ಕಾಲು ಹಿಡಿಯುತ್ತವೆ.
* ಎಫ್‌ಐಟಿಸಿ ನೀಲಿ ಹೀರಿ ಹಸಿರು ಕೊಡುತ್ತದೆ. ಹೊರಬರುವ ಬೆಳಕಿನ ತರಂಗಾಂತರ ಸಾಮಾನ್ಯವಾಗಿ ಹೀರಿದ್ದಕ್ಕಿಂತ ಹೆಚ್ಚು.
* ಗುರುತು ಹಚ್ಚಿದ ಪ್ರೋಟೀನ್ ಎ ಅಥವಾ ಜಿ ಹೊಳೆದರೆ ಅಲ್ಲಿ ಪ್ರತಿಕಾಯವಿದೆ ಎಂದರ್ಥ, ರೋಗವಿದೆ ಎಂದಲ್ಲ.

ಅಭ್ಯಾಸ ಪ್ರಶ್ನೆಗಳು

1. ಪೋರ್ಟರ್ ಅವರ ಪ್ರಯೋಗದಲ್ಲಿ ಮೂರನೆಯ ತುಂಡು ಹರಳುಗಟ್ಟಿದ್ದರಿಂದ ಏನು ತಿಳಿಯಿತು?
2. ಕುರಿಯ ಪ್ರತಿಕಾಯ ಪತ್ತೆಗೆ ಪ್ರೋಟೀನ್ ಎ, ಜಿಗಳಲ್ಲಿ ಯಾವುದನ್ನು ಆರಿಸುವಿರಿ? ಕೋಳಿಯದಾದರೆ ಏನು ತೊಂದರೆ?
3. ಪ್ರೋಟೀನ್ ಜಿ ಬಳಸುವ ಪ್ರಯೋಗದಲ್ಲಿ ಆಡಿನ ಸೀರಂನಿಂದ ಖಾಲಿ ಜಾಗ ಮುಚ್ಚಬಾರದೇಕೆ?
4. ಪ್ರತಿಕಾಯ ಹಾಕದ ಸ್ಲೈಡೂ ಹಸಿರಾಗಿ ಹೊಳೆದರೆ ನೀವು ಯಾವ ಯಾವ ಕಾರಣಗಳನ್ನು ಶಂಕಿಸುವಿರಿ? ಕನಿಷ್ಠ ಎರಡು ಬರೆಯಿರಿ.
5. ಒಂದೇ ಸ್ಲೈಡಿನಲ್ಲಿ ಎರಡು ಬೇರೆ ಗುರಿಗಳನ್ನು ಎರಡು ಮೊಲದ ಪ್ರತಿಕಾಯಗಳಿಂದ ಹುಡುಕಿ, ಒಂದಕ್ಕೆ ಹಸಿರು, ಇನ್ನೊಂದಕ್ಕೆ ಕೆಂಪು ಗುರುತು ಹಚ್ಚಿದ ಪ್ರೋಟೀನ್ ಎ ಬಳಸಿದರೆ ಏನಾಗುತ್ತದೆ? (ಸುಳಿವು: ಎರಡರ ಕಾಲೂ ಒಂದೇ.)